ಚಿನ್ ಅಕ್ಕ ಮತ್ತು ನಾಲ್ಕು ಟಿಬಿ

ಪೀ.

ಒಂದೇ ಸಲ, ಚಿಕ್ಕದಾಗಿ. ಜೋಡಿಸಿ ಮುಗಿಸಿದ ಕಂಪ್ಯೂಟರಿಗೆ ಮೊದಲ ಸಲ ಕರೆಂಟು ಕೊಟ್ಟಾಗ, ಒಳಗೆ ಎಲ್ಲ ಸರಿಯಿದ್ದರೆ ಅದು ಹೀಗೆ ಕೂಗುತ್ತದೆ. ಏನಾದರೂ ತಪ್ಪಿದ್ದರೆ ಉದ್ದಕ್ಕೆ ಗೋಳಿಡುತ್ತದೆ. ಈಗಿನ ಪೆಟ್ಟಿಗೆಗಳಲ್ಲಿ ಆ ಪುಟ್ಟ ಸ್ಪೀಕರು ಬರುವುದೇ ಇಲ್ಲ. ಗ್ವಾಂಗ್‌ಹ್ವಾ ಕಂಪ್ಯೂಟರ್ ಮಾರುಕಟ್ಟೆಯ ನಮ್ಮ ಎರಡನೇ ಮಹಡಿಯಲ್ಲಿ ಲಾಯ್ ಬಾವ್‌ಚಿನ್ ಒಬ್ಬಳೇ ಹಳೆಯದೊಂದನ್ನು ವೈರಿನ ತುದಿಗೆ ಕಟ್ಟಿಟ್ಟುಕೊಂಡು, ಪ್ರತಿ ಯಂತ್ರಕ್ಕೂ ಸಿಕ್ಕಿಸಿ, ಆ ಕೂಗು ಕೇಳಿದ ಮೇಲೆಯೇ ಕೈ ಬಿಡುವವಳು.

ಎಲ್ಲರ ಬಾಯಲ್ಲೂ ಅವಳು ಚಿನ್ ಅಕ್ಕ. ಐವತ್ತೊಂಬತ್ತು ವರ್ಷ. ಕತ್ತರಿಸಿದ ಕೂದಲು, ಬಲ ಹೆಬ್ಬೆರಳಿನ ಮೇಲೆ ಕಾದ ಕಬ್ಬಿಣ ತಾಗಿದ ಹಳೆಯ ಗುರುತು. ಹದಿನೆಂಟಕ್ಕೆ ಝಾಂಗ್‌ಹ್ವಾದ ಹಳ್ಳಿಯಿಂದ ಬಂದು ತಾವ್‌ಯ್ವೆನ್‌ನ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ಹಲಗೆಗಳಿಗೆ ಬೆಸುಗೆ ಹಾಕಿದಳು. ಮಾರುಕಟ್ಟೆ ಇನ್ನೂ ಸೇತುವೆಯ ಕೆಳಗಿದ್ದ ಕಾಲದಲ್ಲಿ ಅಂಗಡಿ ಹಿಡಿದಳು. ಅವಳ ಅಂಗಡಿಯಲ್ಲಿ ಒಂದು ಸ್ಟೂಲಿದೆ. ಅದರ ಮೇಲೆ ಖಾಲಿ ಪೆಟ್ಟಿಗೆಗಳಿವೆ. ಅವಳು ಕೂತದ್ದನ್ನು ನಾನು ಕಂಡಿಲ್ಲ. ಎದುರಿನ ಕೇಬಲ್ಲು ಅಂಗಡಿ ನನ್ನದು. ಹದಿನಾರು ವರ್ಷದಿಂದ ಅವಳು ನಿಂತೇ ಉಣ್ಣುವುದನ್ನು ನೋಡುತ್ತಿದ್ದೇನೆ. ಒಂದು ಕೈಯಲ್ಲಿ ಊಟದ ಕಡ್ಡಿ, ಇನ್ನೊಂದರಲ್ಲಿ ಸ್ಕ್ರೂಡ್ರೈವರು. ಮಾಡಲು ಏನೂ ಇಲ್ಲದಾಗ ಅಂಗಡಿಯ ಮುಂದಿನ ಹತ್ತು ಹೆಜ್ಜೆ ಜಾಗದಲ್ಲಿ ಅತ್ತಿಂದಿತ್ತ ನಡೆಯುತ್ತಾಳೆ. ನೆಲದ ಟೈಲ್ಸು ಅಲ್ಲಿ ಮಾತ್ರ ಮಂಕಾಗಿದೆ.

ಅವಳು ಮಾರುವುದು ಮುಖ್ಯವಾಗಿ ಎಸ್‌ಎಸ್‌ಡಿ. ಕಂಪ್ಯೂಟರಿನ ನೆನಪೆಲ್ಲ ಇರುವ, ಚೂಯಿಂಗ್ ಗಮ್ ಪಟ್ಟಿಯಷ್ಟೇ ದೊಡ್ಡದಾದ ಆ ಚೂರು. ಮಾರುವುದಕ್ಕಿಂತ ಮಾರದೆ ಇರುವುದರಲ್ಲಿ ಅವಳಿಗೆ ಹೆಸರು ಹೆಚ್ಚು. ಗಿರಾಕಿ ಕೇಳಿದ್ದನ್ನು ಕೊಡುವ ಅಭ್ಯಾಸ ಅವಳಿಗಿಲ್ಲ.

ಆ ಗುರುವಾರ ಬಾಗಿಲು ತೆಗೆದ ಹತ್ತು ನಿಮಿಷಕ್ಕೆ ನಿವೃತ್ತ ಗುಮಾಸ್ತರೊಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಚಿದ ಕಾಗದ.

"ಎರಡು ಟಿಬಿ ಕೊಡಮ್ಮ."

"ಯಾಕೆ ಮಾವ, ಅಷ್ಟೊಂದು?"

"ಪಕ್ಕದ ಮನೆಯವನು ಹಾಕಿಸ್ಕೊಂಡಿದಾನೆ."

"ಅವನೇನು ಕೆಲಸ ಮಾಡ್ತಾನೆ?"

"ಮದುವೆ ವಿಡಿಯೋ ತೆಗೀತಾನೆ."

"ನೀವು?"

"ನಾನು ಕೊರಿಯಾ ಧಾರಾವಾಹಿ ನೋಡ್ತೀನಿ."

"ಇಳಿಸಿಟ್ಕೊಂಡೋ, ಹಾಗೇನೋ?"

"ಹಾಗೇ. ಇಂಟರ್‌ನೆಟ್ಟಲ್ಲಿ."

"ಹಾಗಾದ್ರೆ ಅವು ಬಂದು ಹೋಗೋ ನೆಂಟರು ಮಾವ, ಮನೇಲಿ ಉಳಿಯೋರಲ್ಲ. ಅವರಿಗ್ಯಾಕೆ ಹಾಸಿಗೆ?"

ಆಮೇಲೆ ಅವಳ ಮೂರು ಪ್ರಶ್ನೆಗಳು. ಈಗ ತುಂಬಿರುವುದು ಎಷ್ಟು? ಹೋದ ವರ್ಷ ಇದೇ ಹೊತ್ತಿಗೆ ಎಷ್ಟಿತ್ತು? ಇನ್ನೆಷ್ಟು ವರ್ಷ ಇದನ್ನೇ ಇಟ್ಟುಕೊಳ್ಳುತ್ತೀರಿ? ಬೆಳೆದದ್ದನ್ನು ವರ್ಷಗಳಿಂದ ಗುಣಿಸಿ, ಇರುವುದಕ್ಕೆ ಕೂಡಿಸಿ, ಅದರ ಮೇಲೆ ಕಾಲು ಭಾಗ ಖಾಲಿ ಬಿಡಬೇಕು. ಕಂಠಮಟ್ಟ ತುಂಬಿದ ಎಸ್‌ಎಸ್‌ಡಿ ಏದುಸಿರು ಬಿಡುತ್ತದೆ. ಹೊಸದನ್ನು ಇಡಲು ಹಳೆಯದನ್ನು ಅತ್ತಿತ್ತ ಸರಿಸುತ್ತಲೇ ಸವೆದುಹೋಗುತ್ತದೆ. ಹಾಗೆಂದು ಬೇಕಾದ್ದಕ್ಕಿಂತ ಬಹಳ ದೊಡ್ಡದು ಕೊಂಡರೆ ಮನುಷ್ಯ ಸೋಮಾರಿಯಾಗುತ್ತಾನೆ, ಏನನ್ನೂ ಬಿಸಾಡುವುದಿಲ್ಲ. ಇದು ಅವಳ ಶಾಸ್ತ್ರ. ಈ ಲೆಕ್ಕ ಒಮ್ಮೆಯೂ ತಪ್ಪಿದ್ದಿಲ್ಲವೆಂದು ಅವಳೇ ಹೇಳಿಕೊಳ್ಳುತ್ತಿದ್ದಳು, ನಾವೂ ಒಪ್ಪುತ್ತಿದ್ದೆವು.

ಗುಮಾಸ್ತರಿಗೆ ಸಿಕ್ಕಿದ್ದು ಐನೂರು ಜಿಬಿ. ಮುಖ ಸಣ್ಣಗಾಯಿತು.

"ಪಕ್ಕದ ಮನೆಯವನಿಗೆ ಏನು ಹೇಳ್ಲಿ?"

"ಎರಡು ಅಂತಾನೇ ಹೇಳಿ. ಒಳಗೆ ಇಣುಕಿ ನೋಡೋಕೆ ಬರ್ತಾನಾ?"

ಅವರು ನಕ್ಕು ಹೋದರು. ಅವಳು ನಗಲಿಲ್ಲ. ಅವಳ ತಲೆಯಲ್ಲಿ ಮೂರು ವಾರದಿಂದ ಬೇರೊಂದು ಲೆಕ್ಕ ಕೊರೆಯುತ್ತಿತ್ತು.

ಅವಳ ಗಂಡ ಜ್ಯೆನ್ ಶ್ವೇಮು ಮೂವತ್ತೊಂದು ವರ್ಷ ಊರ ಬಸ್ಸು ಓಡಿಸಿದವನು. ಅರ್ಧ ಮೈಲಿ ದೂರದ ನಿಲ್ದಾಣದಲ್ಲಿ ಯಾರು ಕೈ ಎತ್ತುತ್ತಾರೆ, ಯಾರು ಸುಮ್ಮನೆ ನಿಂತಿದ್ದಾರೆ ಎಂದು ಹೇಳಬಲ್ಲ ಕಣ್ಣು ತನ್ನದೆಂದು ಜಂಬ ಕೊಚ್ಚುತ್ತಿದ್ದ. ನಿವೃತ್ತನಾದ ಮೇಲೆ ಮೊಳದುದ್ದದ ಲೆನ್ಸು ಕೊಂಡು ಸಸ್ಯೋದ್ಯಾನದ ಹಕ್ಕಿ ಹುಚ್ಚರ ಗುಂಪಿಗೆ ಸೇರಿದ. ಮಡಚುವ ಕುರ್ಚಿ, ಟೋಪಿ, ಚಹಾದ ಫ್ಲಾಸ್ಕು. ಒಂದು ಮಿಂಚುಳ್ಳಿಗೆ ಇಪ್ಪತ್ತು ಜನ ಮುದುಕರು. ಮನೆಗೆ ಬಂದು ಇನ್ನೂರೈವತ್ತು ಚಿತ್ರಗಳಲ್ಲಿ ಹತ್ತನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತಿದ್ದ. ಅಳಿಸುವಾಗಿನ ಅವನ ಕಠೋರತೆ ಚಿನ್ ಅಕ್ಕನಿಗೆ ಇಷ್ಟವಾಗುತ್ತಿತ್ತು.

ಪ್ರತಿ ಮುಂಜಾನೆ ಅವನಿಂದ ನಮ್ಮ ಫೋನಿನ ಗುಂಪಿಗೊಂದು ಚಿತ್ರ ಬರುತ್ತಿತ್ತು. ಹಕ್ಕಿ, ಅದರ ಮೇಲೆ ದಪ್ಪ ಹಳದಿ ಅಕ್ಷರದಲ್ಲಿ "ಶುಭೋದಯ, ಬಿಸಿನೀರು ಕುಡಿಯಿರಿ, ನಿಧಾನವಾಗಿ ನಡೆಯಿರಿ". ನಮ್ಮೂರಿನ ಹಿರಿಯರೆಲ್ಲ ಕಳಿಸುವುದೇ ಹೀಗೆ: ಕಮಲ, ಬೆಟ್ಟ, ಸೂರ್ಯ, ಮೊಮ್ಮಗು. ಬಂದದ್ದಕ್ಕೆ, ಚೆನ್ನಾಗಿದೆ ಎಂದು, ಮೇಲೆತ್ತಿದ ಹೆಬ್ಬೆಟ್ಟಿನ ಗುರುತು ಒತ್ತಬೇಕು. ಒತ್ತದಿದ್ದರೆ ಹತ್ತು ಗಂಟೆಗೆ ಫೋನು ಬರುತ್ತದೆ, "ಏನು, ಹುಷಾರಿಲ್ಲವೇ?" ಹಾಗಾಗಿ ಹಲ್ಲುಜ್ಜುತ್ತ ಒತ್ತುತ್ತೇವೆ, ರೈಲಿನಲ್ಲಿ ನಿಂತು ಒತ್ತುತ್ತೇವೆ.

ಎರಡು ವರ್ಷದ ಹಿಂದೆ ಮನೆಯ ಕಂಪ್ಯೂಟರಿಗೆ ಅವಳೇ ಒಂದು ಟಿಬಿ, ಅಂದರೆ ಸಾವಿರ ಜಿಬಿ, ಹಾಕಿದ್ದಳು. ಮೊದಲೇ ಇದ್ದದ್ದು ಮುನ್ನೂರು, ಅದರ ಮೇಲೆ ತಿಂಗಳಿಗೆ ನಾಲ್ಕು ಜಿಬಿ ಹಕ್ಕಿ. ಐದು ವರ್ಷ ಕಣ್ಣುಮುಚ್ಚಿ ನಡೆಯುತ್ತದೆ ಎಂದಿದ್ದಳು. ಈಗ ಮಾರ್ಚ್ ಕೊನೆಯಲ್ಲೇ ಅದು ತುಂಬಿ ಕೆಂಪು ಗೆರೆ ತೋರಿಸತೊಡಗಿತ್ತು. ಶ್ವೇಮು ಊಟದ ಮೇಜಿನ ಮುಂದೆ, ಉಪ್ಪು ಕೇಳುವ ದನಿಯಲ್ಲಿ, "ನಾಲ್ಕು ಟಿಬಿ ಹಾಕು" ಎಂದ.

"ನಾಲ್ಕಾ? ಹಕ್ಕಿ ಜೊತೆ ಮರಾನೂ ತಂದು ಇಡ್ತೀಯಾ?"

"ಹಾಕು ಅಂದ್ರೆ ಹಾಕು."

"ಅಳಿಸು. ಅರ್ಧ ಗಂಟೆ ಕೂತು ಅಳಿಸು."

"ಅಳಿಸಲ್ಲ."

"ಮುದುಕನಾಗ್ತಾ ಆಗ್ತಾ ಸೋಮಾರಿಯಾದೆ ನೀನು."

"ಹೌದು, ಸೋಮಾರಿ. ನಾಲ್ಕು ಹಾಕು ಯಜಮಾನ್ತಿ."

ಈ ಜಗಳವನ್ನು ಅವಳು ಮೂರು ವಾರದಲ್ಲಿ ನನಗೆ ಎಂಟು ಸಲ ಒಪ್ಪಿಸಿದ್ದಳು, ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ನಡೆಯುತ್ತ. ಅವಳನ್ನು ಕಾಡುತ್ತಿದ್ದುದು ನಾಲ್ಕಲ್ಲ. "ನನ್ನ ಲೆಕ್ಕ ತಪ್ಪಿದ್ದು ಹೇಗೆ ಕೇಬಲ್ಲು?" ಎನ್ನುತ್ತಿದ್ದಳು. ನನ್ನ ಹೆಸರು ಅವಳಿಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ.

ಹನ್ನೊಂದೂವರೆಗೆ ಶ್ವೇಮು ಬಂದ. ತರಕಾರಿ ತರುವ ಕೈಗಾಡಿಯಲ್ಲಿ ಮನೆಯ ಕಂಪ್ಯೂಟರು, ಬೆನ್ನಿಗೆ ಕ್ಯಾಮೆರಾ. ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟ. ಅರ್ಧ ಮೇಜಿನ ಮೇಲೆ, ಅರ್ಧ ಗಾಳಿಯಲ್ಲಿ. ಚಿನ್ ಅಕ್ಕ ಹಾರಿ ಹಿಡಿದಳು.

"ನೋಡಿ ಇಡೋಕಾಗಲ್ವಾ? ಬಸ್ಸನ್ನೂ ಹೀಗೇ ನಿಲ್ಲಿಸ್ತಿದ್ದೆಯಾ?"

"ಬಸ್ಸಿಗೆ ಬ್ರೇಕಿತ್ತು."

"ಸ್ಕೂಟರ್ ಎಲ್ಲಿ?"

"ರೈಲಲ್ಲಿ ಬಂದೆ. ಇಲ್ಲಿ ನಿಲ್ಲಿಸೋಕೆ ಜಾಗ ಎಲ್ಲಿ ಸಿಗುತ್ತೆ? ನನ್ನ ಕುಟ್ರುಹಕ್ಕಿ ಮರಿಗಳಿಗೆ ಊಟದ ಹೊತ್ತು, ಹೊರಟೆ. ಎರಡೂವರೆಗೆ ಬರ್ತೀನಿ. ನಾಲ್ಕು."

"ಎರಡು ಕೊಡ್ತೀನಿ."

"ನಾಲ್ಕು."

ನನ್ನ ಕಡೆ ಕೈ ಬೀಸಿದ. ನಾನು ಬಾಗಿಲ ಎಡಕ್ಕಿದ್ದೆ. ಅವನು ಕೈ ಬೀಸಿದ್ದು ಬಲಕ್ಕೆ ತೂಗುಹಾಕಿದ್ದ ವೈರಿನ ಸುರುಳಿಗಳಿಗೆ. ತಮಾಷೆಯೆಂದುಕೊಂಡು ನಾನೂ ಕೈ ಬೀಸಿದೆ.

ಅವನು ಮರೆಯಾದದ್ದೇ ತಡ, ಅವಳು ಕಂಪ್ಯೂಟರಿಗೆ ಪರದೆ ಜೋಡಿಸಿದಳು. ಅವಳ ಯೋಜನೆ ಸರಳವಾಗಿತ್ತು. ಒಂದೇ ತರಹದ ಚಿತ್ರಗಳನ್ನೆಲ್ಲ ಅಳಿಸಿ, ಅದೇ ಒಂದು ಟಿಬಿಯನ್ನು ಅರ್ಧ ಖಾಲಿ ಮಾಡಿ ಅವನ ಕೈಗೆ ಕೊಟ್ಟು, ನೋಡು ಎನ್ನುವುದು. ತನ್ನ ಲೆಕ್ಕಕ್ಕೆ ಮರ್ಯಾದೆ ವಾಪಸು ತರುವುದು.

ತಿಂಗಳ ಹೆಸರಿನ ಕೋಶಗಳು ಸಾಲಾಗಿ ತೆರೆದುಕೊಂಡವು. ಗಾತ್ರ ಓದುವುದು ಅವಳಿಗೆ ಮುಖ ಓದಿದಷ್ಟೇ ಸಲೀಸು. ಹೋದ ವರ್ಷದ ಮೇ, ನಾಲ್ಕು ಜಿಬಿ. ಜೂನ್, ಐದು. ಜುಲೈ, ಮೂರು, ಆ ತಿಂಗಳು ಬಿರುಗಾಳಿ ಬಂದಿತ್ತು. ಆಗಸ್ಟ್, ನಾಲ್ಕು. ಸೆಪ್ಟೆಂಬರ್, ನಾಲ್ಕು. ಅಕ್ಟೋಬರ್, ಎಂಬತ್ತೆಂಟು.

ಮೌಸು ಸರಿಸುತ್ತಿದ್ದ ಕೈ ನಿಂತಿತು.

ನವೆಂಬರ್ ತೊಂಬತ್ತೈದು. ಡಿಸೆಂಬರ್ ನೂರಾ ಎರಡು. ಅಲ್ಲಿಂದ ಕೆಳಕ್ಕೆ ಎಲ್ಲ ಹಾಗೆಯೇ.

"ಕೇಬಲ್ಲು, ಬಾ ಇಲ್ಲಿ."

ಹೋದೆ.

"ಸೋಮಾರಿತನ ಹೀಗೆ ಬರುತ್ತಾ? ಒಂದನೇ ತಾರೀಖಿಗೆ ಸರಿಯಾಗಿ, ಬಾಡಿಗೆ ಮನೆಗೆ ಬಂದ ಹಾಗೆ?"

"ಹೊಸ ಕ್ಯಾಮೆರಾ ಏನಾದ್ರೂ..."

"ಅದೇ ಕ್ಯಾಮೆರಾ. ಅಕ್ಟೋಬರ್‌ನಿಂದ ಒಂದನ್ನೂ ಅಳಿಸಿಲ್ಲ. ಒಂದೇ ಒಂದು."

ಅವಳು ಅಕ್ಟೋಬರ್ ತೆರೆದಳು. ಚಿತ್ರಗಳು ಒಂದರ ಹಿಂದೊಂದು ಬಂದವು. ಮಿಂಚುಳ್ಳಿ ಇತ್ತು, ಆದರೆ ನೀಲಿ ಬಣ್ಣ ನೀರಿಗೆ ಬಿದ್ದ ಶಾಯಿಯಂತೆ ಹರಡಿತ್ತು. ಅದರ ಪಕ್ಕದ ಎಲೆ ಮಾತ್ರ ನರ ನರವೂ ಎಣಿಸುವಷ್ಟು ಸ್ಪಷ್ಟ. ಮುಂದಿನದರಲ್ಲೂ ಹಾಗೆಯೇ. ನವೆಂಬರಿನ ಬಕ, ಡಿಸೆಂಬರಿನ ಗಿಡುಗ. ಹಕ್ಕಿ ಯಾವಾಗಲೂ ಎಡ ಮೂಲೆಯಲ್ಲಿ, ಮಂಜಾಗಿ. ನಡುವೆ ಖಾಲಿ ಕೊಂಬೆ, ಸ್ಪಷ್ಟವಾಗಿ.

"ಲೆನ್ಸು ಕೆಟ್ಟಿರಬೇಕು ಅಕ್ಕ," ಎಂದೆ.

"ಲೆನ್ಸು ಕೆಟ್ರೆ ಎಲೆ ಹೀಗೆ ಬರಲ್ಲ. ಲೆನ್ಸಿಗೆ ತೋರಿಸಿದ ಕಡೆ ಅದು ನೋಡ್ತಾ ಇದೆ. ತೋರಿಸ್ತಿರೋನು..."

ಫೋನು ತೆಗೆದಳು. ಮುಂಜಾನೆಯ ಚಿತ್ರಗಳನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿದಳು. ನಾನು ಅವಳ ಭುಜದ ಮೇಲಿಂದ ನೋಡಿದೆ. ಇವತ್ತು ಬೆಳಗಿನದು: ಮೂಲೆಯಲ್ಲೊಂದು ಹಸಿರು ಮಸುಕು, ಅದರ ಮೇಲೆ "ಶುಭೋದಯ". ಕೆಳಗೆ ಇಪ್ಪತ್ತಮೂರು ಹೆಬ್ಬೆಟ್ಟುಗಳು. ನಿನ್ನೆಯದಕ್ಕೆ ಇಪ್ಪತ್ತೈದು. ಹೊಸ ವರ್ಷದ ದಿನದ್ದರಲ್ಲಿ ಹಕ್ಕಿಯೇ ಇರಲಿಲ್ಲ. ಬರಿಯ ಆಕಾಶ, ಕೊಂಬೆ. ಅದಕ್ಕೆ ನಲವತ್ತೊಂದು. ಅವನ ತಂಗಿ "ಎಷ್ಟು ಚೆಂದ ಅಣ್ಣಾ!" ಎಂದು ಬರೆದಿದ್ದಳು. ನನ್ನ ಹೆಬ್ಬೆಟ್ಟಿತ್ತು. ಚಿನ್ ಅಕ್ಕನದೂ ಇತ್ತು. ಆರು ತಿಂಗಳು, ದಿನಕ್ಕೊಂದು.

"ಒಬ್ಬರೂ ನೋಡಿಲ್ಲ," ಎಂದಳು.

ಊಟದ ಡಬ್ಬಿ ಬಂತು. ಬೇಯಿಸಿದ ಮೊಟ್ಟೆ, ಹಂದಿ ಮಾಂಸದ ತುಂಡು. ಮುಚ್ಚಳವನ್ನೂ ತೆಗೆಯಲಿಲ್ಲ. ಒಬ್ಬ ಹುಡುಗಿ ಬಂದು ಆಟಗಳಿಗೆ ಎಷ್ಟು ಬೇಕು ಎಂದು ಕೇಳಿದಳು. ಚಿನ್ ಅಕ್ಕ "ಒಂದು ಟಿಬಿ" ಎಂದು ತಕ್ಷಣ ತೆಗೆದುಕೊಟ್ಟಳು. ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಆಮೇಲೆ ಶ್ವೇಮುವಿಗೆ ಫೋನು ಮಾಡಿದಳು. ಎತ್ತಲಿಲ್ಲ, ಹಕ್ಕಿ ಬೆದರುತ್ತದೆಂದು ಅಲ್ಲಿ ಎಲ್ಲರೂ ಫೋನಿನ ಬಾಯಿ ಮುಚ್ಚಿರುತ್ತಾರೆ. ಮತ್ತೆ ಮಾಡಿದಳು. ಮತ್ತೆ ನಡೆದಳು. ನಡೆಯುತ್ತ ನಡೆಯುತ್ತ ತುಂಡು ತುಂಡಾಗಿ ಮಾತಾಡಿದಳು, ನನಗೋ ತನಗೋ.

"ಸ್ಕೂಟರಿಗೆ ಪ್ಲಾಸ್ಟಿಕ್ ಹೊದಿಸಿ ಎಷ್ಟು ತಿಂಗಳಾಯ್ತು... ಮಂಡಿನೋವು ಅಂದ. ಮೊನ್ನೆ ಸೂಪಿಗೆ ಸಕ್ಕರೆ ಹಾಕಿದ. ಬೈದೆ. ಪೇಪರ್ ಓದೋದು ಬಿಟ್ಟ, ಅದರಲ್ಲೇನಿದೆ ಅಂದ. ನಾನೂ, ಹೌದು ಅದರಲ್ಲೇನಿದೆ ಅಂದೆ."

"ಬಂದೋರಿಗೆಲ್ಲ ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ವ್ಯತ್ಯಾಸ ಅಂತ ಕೇಳ್ತೀನಿ ನಾನು," ಎಂದಳು. ಅಷ್ಟೇ.

ನನ್ನ ಚಿಕ್ಕಮ್ಮನಿಗೆ ಕಣ್ಣಿನ ನಡುಭಾಗದ ಕಾಯಿಲೆ ಆಗಿತ್ತು. ಬೇಗ ಹೋದರೆ ಸೂಜಿಮದ್ದು ಹಾಕಿ ಇದ್ದಷ್ಟನ್ನು ಉಳಿಸುತ್ತಾರೆ, ತಡವಾದರೆ ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಅವಳಿಗೆ ಹೇಳಿದ್ದು ನೆನಪಿತ್ತು. ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದೆ.

"ತಡ ಅಂದ್ರೆ ಎಷ್ಟು?"

"ವಾರಗಳ ಲೆಕ್ಕ ಅಂದಿದ್ರು ಅಕ್ಕ."

ಅವಳು ಗೋಡೆಯ ಗಡಿಯಾರ ನೋಡಿದಳು. ಎರಡು ಗಂಟೆ. ಕಣ್ಣಿನ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಚೀಟಿ ಕೊಡುವುದು ಮೂರೂವರೆಗೆ ನಿಲ್ಲುತ್ತದೆ. ಫೋನು ಮಾಡಿ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲಿನ ನಲವತ್ತು ನಿಮಿಷ ಅವಳು ಎಷ್ಟು ದೂರ ನಡೆದಳೋ, ನೇರ ನಡೆದಿದ್ದರೆ ಊರಂಚಿನ ನದಿಯನ್ನೇ ದಾಟುತ್ತಿದ್ದಳು.

ಶ್ವೇಮು ಬಂದಾಗ ಎರಡು ನಲವತ್ತು. ಕೈಯಲ್ಲಿ ಹುಳಿಪುಡಿ ಉದುರಿಸಿದ ಸೀಬೆಹಣ್ಣಿನ ಹೋಳುಗಳ ಪೊಟ್ಟಣ, ಮುಖದಲ್ಲಿ ಬಿಸಿಲು.

"ಮೂರು ಮರಿ! ಮೂರೂ ತಲೆ ಹೊರಗೆ ಹಾಕಿದ್ವು. ಹಾಕಿದ್ಯಾ ನಾಲ್ಕು?"

"ಮೂರು ಅಂತ ನೀನು ನೋಡಿದೆಯೋ, ಪಕ್ಕದವರು ಹೇಳಿದ್ರೋ?"

ಅವನು ಪೊಟ್ಟಣವನ್ನು ಮೇಜಿನ ಮೇಲಿಡಲು ಮೊದಲು ಕೈಯಿಂದ ಮೇಜನ್ನು ಮುಟ್ಟಿ ನೋಡಿದ. ಇಟ್ಟ.

"ಏನು ಪ್ರಶ್ನೆ ಇದು?"

"ನನ್ನ ಮುಖ ನೋಡು. ಮೂಗು ಕಾಣ್ಸುತ್ತಾ?"

"ಮದುವೆಯಾಗಿ ಮೂವತ್ತನಾಲ್ಕು ವರ್ಷ ಆಯ್ತು. ಮೂಗು ಎಲ್ಲಿದೆ ಅಂತ ಗೊತ್ತು ನಂಗೆ."

"ಕಾಣ್ಸುತ್ತಾ ಅಂತ ಕೇಳ್ದೆ."

ನಾನು ನನ್ನ ಅಂಗಡಿಗೆ ಹೊರಟೆ. "ಇರು ಕೇಬಲ್ಲು," ಎಂದಳು. ಸಾಕ್ಷಿ ಬೇಕಿತ್ತೋ, ಧೈರ್ಯ ಬೇಕಿತ್ತೋ. ನಿಂತೆ.

ಶ್ವೇಮು ಬೆನ್ನಿನ ಕ್ಯಾಮೆರಾ ಇಳಿಸಿದ. ಆಮೇಲೆ, ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ದನಿಯಲ್ಲಿ ಹೇಳಿದ: "ಮಧ್ಯದಲ್ಲಿ ಒಂದು ಕಲೆ. ಗಾಜಿನ ಮೇಲೆ ಯಾರೋ ಎಣ್ಣೆ ಕೈಯಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ. ಅಂಚಲ್ಲೆಲ್ಲ ಚೆನ್ನಾಗೇ ಕಾಣುತ್ತೆ. ಹಕ್ಕೀನ ಅಂಚಿಗೆ ತಂದ್ಕೊಂಡ್ರೆ ಸಿಗುತ್ತೆ."

"ಯಾವ ಕಣ್ಣು?"

"ಮೊದ್ಲು ಬಲಗಡೇದು."

"ಈಗ?"

"ಎಡಗಡೇದರಲ್ಲೂ ಕಂಬ ಬಗ್ಗಿದಂಗೆ ಕಾಣೋಕೆ ಶುರುವಾಗಿದೆ. ಎರಡು ವಾರ."

"ಎರಡು ವಾರ," ಎಂದಳು ಅವಳು. "ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ." ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ಅವನೇ ಮುಂದುವರಿಸಿದ: "ಗುಂಪಲ್ಲಿ ಒಬ್ಬನಿಗೆ ಕಣ್ಣೊಳಗೇ ಸೂಜಿ ಚುಚ್ಚಿದ್ರಂತೆ. ಎಚ್ಚರ ಇರುವಾಗ್ಲೇ. ಅದನ್ನ ಕೇಳಿ ನಂಗೆ ಊಟ ಸೇರ್ಲಿಲ್ಲ."

"ಅದಕ್ಕೆ ನಾಲ್ಕು ಟಿಬಿ."

"ಯಾವುದು ಚೆನ್ನಾಗಿ ಬಂದಿದೆ, ಯಾವುದು ಕೆಟ್ಟಿದೆ ಅಂತ ನಂಗೆ ಗೊತ್ತಾಗಲ್ಲ ಚಿನ್. ಅಳಿಸೋಕೆ ಹೋದ್ರೆ ಒಳ್ಳೇದೇ ಹೋಗಿಬಿಡಬಹುದು. ಎಲ್ಲಾ ಇರ್ಲಿ ಅಂತ. ಜಾಗ ಇದ್ರೆ, ಆಮೇಲೆ ಯಾವಾಗಾದ್ರೂ ನೀನು ಕೂತ್ಕೊಂಡು ಆರಿಸ್ತೀಯ ಅಂತ."

"ನಾನು ಯಾವಾಗ ಕೂತಿದೀನಿ?"

"ಅದೇ ಯೋಚನೆ ನಂಗೂ."

ಅವಳು ಕಪಾಟು ತೆರೆದಳು. ಒಳಗೆ ನಾಲ್ಕು ಟಿಬಿಯ ಡಬ್ಬಿಯಿತ್ತು. ಬೆರಳು ಅದರ ಮೇಲೆ ಒಂದು ಕ್ಷಣ ನಿಂತಿತು. ಡಬ್ಬಿಯನ್ನು ತೆಗೆಯಲಿಲ್ಲ. ಕಪಾಟು ಮುಚ್ಚಿದಳು. ಕಂಪ್ಯೂಟರನ್ನು ಬಂದ್ ಮಾಡಿ, ಪರದೆಯ ವೈರನ್ನು ಸಿಕ್ಕಿಸಿದ್ದು ಸಿಕ್ಕಿಸಿದಂತೆಯೇ ಬಿಟ್ಟು ನನಗೆ ಹೇಳಿದಳು: "ಇದನ್ನ ಯಾರೂ ಮುಟ್ಬಾರದು. ಒಂದು ಚಿತ್ರಾನೂ ಹೋಗ್ಬಾರದು. ಮಂಜಾಗಿರೋದೂ."

"ಎಷ್ಟು ಹಾಕ್ತೀಯ ಹಾಗಾದ್ರೆ?" ಎಂದ ಶ್ವೇಮು.

"ಡಾಕ್ಟ್ರು ಹೇಳ್ಲಿ, ಇವತ್ತೇ. ನೀನೇ ಆರಿಸೋ ಹಾಗಿದ್ರೆ ಒಂದು ಸಾಕು. ನಾನು ಆರಿಸೋ ಹಾಗಿದ್ರೆ ನಾಲ್ಕು."

"ಇವತ್ತು ಬೇಡ. ಮರಿ ಹಾರೋಕೆ ಇನ್ನು ಹತ್ತು ದಿನ. ಇಡೀ ಗುಂಪು ಕಾಯ್ತಾ ಇದೆ. ಹಾರಿದ ಮಾರನೇ ದಿನಾನೇ ಹೋಗೋಣ, ಆಣೆ. ಬೇಕಾದ್ರೆ ಬರೆದುಕೊಡ್ತೀನಿ."

"ಬರೆದದ್ದನ್ನ ಓದೋಕೆ ನಾನೇ ಬರ್ಬೇಕು."

"ತಮಾಷೆ ಮಾಡ್ಬೇಡ. ಹತ್ತೇ ದಿನ. ಆರು ತಿಂಗಳು ತಡೆದ ಕಣ್ಣು ಹತ್ತು ದಿನ ತಡೆಯಲ್ವಾ?"

ಅವಳು ಅವನ ಹತ್ತಿರ ಬಂದಳು. ಅಂಗಿಯ ಜೇಬಿಗೆ ಕೈ ಹಾಕಿ ಪರ್ಸು ತೆಗೆದಳು. ಅದರೊಳಗಿನಿಂದ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಬೇಕಾಗುವ ಆರೋಗ್ಯ ವಿಮೆಯ ಕಾರ್ಡನ್ನು ಎಳೆದುಕೊಂಡು, ಪರ್ಸನ್ನು ಮತ್ತೆ ಜೇಬಿಗೆ ತುರುಕಿ, ಜೇಬನ್ನು ಒಮ್ಮೆ ತಟ್ಟಿದಳು.

"ಅದ್ಯಾಕೆ ತಗೊಂಡೆ? ಚಿನ್, ಕೇಳು. ಸೂಜಿ ಅಂದ್ರೆ ನಂಗೆ ಆಗಲ್ಲ ಅಂತ ನಿಂಗೆ ಗೊತ್ತು. ನಾಳೆ ಹೋಗೋಣ. ನಾಳೆ ಬೆಳಗ್ಗೆ. ಇಲ್ಲಾಂದ್ರೆ ಶನಿವಾರ, ಶನಿವಾರ ಜನ ಕಮ್ಮಿ ಇರ್ತಾರೆ, ಮೊದ್ಲು ಮರೀನ..."

ಅವಳು ಅಂಗಡಿಯ ದೀಪವನ್ನೂ ಆರಿಸಲಿಲ್ಲ. ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು, ಆ ಹತ್ತು ಹೆಜ್ಜೆಯ ಜಾಗ ದಾಟಿ, ಕೀಬೋರ್ಡಿನ ಅಂಗಡಿ ದಾಟಿ, ಇಳಿಯುವ ಎಸ್ಕಲೇಟರಿನ ಮೇಲೆ ಕಾಲಿಟ್ಟಳು. ಅಲ್ಲಿಯೂ ನಿಲ್ಲಲಿಲ್ಲ, ಚಲಿಸುವ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯುತ್ತ ಹೋದಳು. ಶ್ವೇಮು ಅವಳು ಇನ್ನೂ ಎದುರಿಗೇ ಇದ್ದಾಳೆಂಬಂತೆ, ತಲೆಯನ್ನು ಒಂದಿಷ್ಟು ಓರೆ ಮಾಡಿ, ಶನಿವಾರದ ಬಗ್ಗೆ ಹೇಳುತ್ತಲೇ ಇದ್ದ.